ಹೈದರಾಬಾದಿನಿಂದ ಬರಬೇಕಾಗಿದ್ದ ಸ್ಪ್ರಿಂಗು

ಹೋದ ತಿಂಗಳು ಕಡೇಚೂರಿನ ಕೈಗಾರಿಕಾ ಪ್ರದೇಶಕ್ಕೆ ಒಂದು ಅಳತೆಯ ಕೆಲಸಕ್ಕೆ ಹೋಗಿದ್ದೆ. ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿನವನು ಸ್ಟೂಲಿನ ಮೇಲೆ ಕುಳಿತು ತನ್ನ ಜೋಡುನಳಿಗೆಯ ಬಂದೂಕನ್ನು ಒರೆಸುತ್ತಿದ್ದ. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ, ಪಕ್ಕದಲ್ಲೊಂದು ಸಣ್ಣ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ. ರಿಜಿಸ್ಟರಿನಲ್ಲಿ ಸಹಿ ಹಾಕಲು ಬಗ್ಗಿದವಳ ಮೂಗಿಗೆ ಆ ಎರಡೂ ವಾಸನೆ ಒಟ್ಟಿಗೇ ಬಡಿದವು. ಪೆನ್ನು ಹಾಗೇ ನಿಂತಿತು. ಸುರಪುರ, ಗುಡ್ಡದ ಬುಡದ ಇಕ್ಕಟ್ಟಾದ ಅಂಗಡಿ, ಅದರೊಳಗೆ ದಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ಉಸ್ತಾದರು... "ಮೇಡಂ, ಸಹಿ ಮಾಡ್ರಿ" ಎಂದು ಅವನು ಎರಡನೇ ಸಲ ಹೇಳಿದಾಗಲೇ ನನಗೆ ಎಚ್ಚರ.

ಬಂದೂಕು ರಿಪೇರಿ ಉಸ್ತಾದರ ಕಸುಬು. ಬೆಳೆ ಕಾಯಲೆಂದು ರೈತರು ಲೈಸೆನ್ಸ್ ಪಡೆದು ಇಟ್ಟುಕೊಂಡ ಒಂಟಿನಳಿಗೆಯ ಹಳೆಯ ಬಂದೂಕುಗಳೆಲ್ಲ ಕೆಟ್ಟಾಗ ಅವರ ಬಳಿಗೇ ಬರುತ್ತಿದ್ದವು. ಗೋಡೆಗೆ ಅವರ ಪರವಾನಗಿ ಪತ್ರ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ. ಕೆಳಗೆ ಸಾಲಾಗಿ ಅರಗಳು, ಇಕ್ಕಳಗಳು.

ನಾನು ಆಗ ಇಪ್ಪತ್ನಾಲ್ಕರವಳು. ಯಾದಗಿರಿ ಹತ್ತಿರದ ಹತ್ತಿಕುಣಿಯವಳು. ಸರ್ವೆ ಇಲಾಖೆಯಲ್ಲಿ ಕೆಲಸ ಸಿಕ್ಕು ಸುರಪುರ ತಾಲ್ಲೂಕಿಗೆ ಹಾಕಿದ್ದರು. ಹೊಲಗಳ ಗಡಿ ಅಳೆದು ಗುರುತಿಸಿ ಕೊಡುವ ಕೆಲಸ. ಸೇರಿದ ಎರಡನೇ ತಿಂಗಳಲ್ಲೇ ಕಾಲುವೆ ಕೆಳಗಿನ ಒಂದು ಹಳ್ಳಿಯಲ್ಲಿ ಒಬ್ಬ ನನ್ನ ಮೇಲೆ ಕೊಡಲಿ ಎತ್ತಿದ. ನಾನು ಬದುವಿನ ಮೇಲೆ ಸುಣ್ಣದ ಗುರುತು ಹಾಕುತ್ತಿದ್ದೆ. "ಇನ್ನೊಮ್ಮಿ ಈ ಊರಾಗ ಕಾಲಿಟ್ಟರ ನಡಕೋತ ವಾಪಸ್ ಹೋಗಂಗಿಲ್ಲ ನೋಡು" ಎಂದ. ಜನ ಅವನನ್ನು ಹಿಡಿದುಕೊಂಡರು. ನಾನು ಅಳತೆಯ ಸರಪಳಿಯನ್ನು ಅಲ್ಲೇ ಬಿಟ್ಟು ಬಸ್‌ಸ್ಟಾಪಿಗೆ ಓಡಿಬಂದೆ.

ಸೋದರಮಾವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಸರ್ಕಾರಿ ನೌಕರಿ ಅದ, ಜೀವಕ್ಕ ಧಮಕಿ ಅದ, ಪಿಸ್ತೂಲಿಗೆ ಅರ್ಜಿ ಹಾಕು." ನನಗೂ ಅದೇ ಸರಿ ಅನ್ನಿಸಿತು. ಅರ್ಜಿ ನಮೂನೆ ತಂದೆ. ಯಾವ ಪಿಸ್ತೂಲು, ಎಷ್ಟು ಭಾರ, ಹೇಗೆ ಇಟ್ಟುಕೊಳ್ಳುವುದು, ಯಾವುದೂ ಗೊತ್ತಿರಲಿಲ್ಲ. ಪೇಟೆಯಲ್ಲಿ ಕೇಳಿದರೆ ಎಲ್ಲರ ಬೆರಳೂ ಉಸ್ತಾದರ ಅಂಗಡಿಯ ಕಡೆಗೇ.

ನಾನು ನನ್ನ ಕಥೆ ಹೇಳಿ ಮುಗಿಸುವವರೆಗೂ ಅವರು ತಲೆ ಎತ್ತಲಿಲ್ಲ. ಆಮೇಲೆ ಡ್ರಾದಿಂದ ಒಂದು ಕಟ್ಟಿಗೆಯ ಹಿಡಿಕೆ ತೆಗೆದು ಮುಂದಿಟ್ಟರು.

"ಕೊಡ್ಲಿ ಎತ್ತಿದಾಂವ ಎಷ್ಟು ದೂರ ಇದ್ದ?"

"ಎರಡು ಮಾರು ಇದ್ದರಿ."

"ಇದೇ ಪಿಸ್ತೂಲ ಅಂತ ತಿಳಕೋರಿ. ನಿಮ್ಮ ಚೀಲದಾಗ ಇಡ್ರಿ. ಝಿಪ್ ಹಾಕ್ರಿ. ಈಗ ನಾ ಬರತೀನಿ, ನೀವು ತಗೀರಿ."

ಅರವತ್ತು ದಾಟಿದ ಮನುಷ್ಯ, ಎಡ ಮೊಣಕಾಲು ಸರಿಯಾಗಿ ಮಡಚುತ್ತಿರಲಿಲ್ಲ. ಅಂಗಡಿಯ ಬಾಗಿಲಲ್ಲಿ ನಿಂತವರು ಎರಡು ಹೆಜ್ಜೆಯಲ್ಲಿ ನನ್ನ ಮುಂದಿದ್ದರು. ನನ್ನ ಝಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಚೀಲ ಆಗಲೇ ಅವರ ಕೈಯಲ್ಲಿ.

"ಈಗ ಹೇಳ್ರಿ ಬೇಟಾ, ಪಿಸ್ತೂಲ ಯಾರದಾತು?"

ಮೂರು ಸಲ ಮಾಡಿದೆವು. ಮೂರೂ ಸಲ ಪಿಸ್ತೂಲು ಅವರದೇ ಆಯಿತು. ಕೊನೆಗೆ ನನಗೆ ನಗು ತಡೆಯಲಾಗಲಿಲ್ಲ. ಹದಿನೈದು ದಿನಗಳಲ್ಲಿ ನಾನು ನಕ್ಕಿದ್ದು ಅದೇ ಮೊದಲು. ಅವರೂ ನಕ್ಕರು, ಎದುರಿನ ಹೋಟೆಲಿಗೆ ಕೂಗಿ ಎರಡು ಚಹಾ ತರಿಸಿದರು. ಕಪ್ಪಿಗೆ ಬಾಯಿ ಹಚ್ಚುವ ಮೊದಲು ಕೇಳಿದರು: "ಅವಾ ಕೊಡ್ಲಿ ಯಾಕ ಎತ್ತಿದ?"

ಕುಡುಕನಿರಬೇಕು, ಒರಟನಿರಬೇಕು ಎಂದುಕೊಂಡಿದ್ದೆನೇ ಹೊರತು, ಯಾಕೆ ಎಂದು ಕೇಳಿಕೊಂಡೇ ಇರಲಿಲ್ಲ. ನಕ್ಷೆಯನ್ನು ಅವನ ಕೈಗೆ ಕೊಟ್ಟಿರೇನು ಎಂದು ಕೇಳಿದರು. ಕೊಟ್ಟಿರಲಿಲ್ಲ. ಸರಪಳಿಯ ತುದಿ ಯಾರು ಹಿಡಿದಿದ್ದರು ಎಂದರು. ಅಳತೆಗೆ ಅರ್ಜಿ ಹಾಕಿದ್ದ ಪಕ್ಕದ ಹೊಲದವನ ಮಗ ಹಿಡಿದಿದ್ದ. ಉಸ್ತಾದರು ಚಹಾ ಸೊರಕ್ಕೆಂದು ಎಳೆದುಕೊಂಡು, "ಮತ್ತ?" ಎಂದರು. ಅಷ್ಟೇ.

ಆ ಮೇಲೆ ಬೇರೆ ಊರುಗಳಲ್ಲಿ ಅಳತೆಗೆ ಹೋದಾಗ ಸರಪಳಿಯ ಒಂದು ತುದಿ ಒಬ್ಬನಿಗೆ, ಇನ್ನೊಂದು ತುದಿ ಅವನ ಎದುರಾಳಿಗೆ ಹಿಡಿಸತೊಡಗಿದೆ. ನಕ್ಷೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಇಬ್ಬರಿಗೂ ಬೆರಳಿಟ್ಟು ತೋರಿಸತೊಡಗಿದೆ. ಬೈಗಳು ನಿಲ್ಲಲಿಲ್ಲ. ಕೊಡಲಿ ಮಾತ್ರ ಮತ್ತೆ ಯಾರೂ ಎತ್ತಲಿಲ್ಲ. ಪಿಸ್ತೂಲಿನ ಅರ್ಜಿ ಟ್ರಂಕಿನಲ್ಲೇ ಉಳಿಯಿತು. ಆದರೆ ಆ ಹಳ್ಳಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಅಲ್ಲಿಂದ ಬಂದ ಅರ್ಜಿಗಳನ್ನೆಲ್ಲ ಒಂದೊಂದಾಗಿ ಕಟ್ಟಿನ ಅಡಿಗೆ ಸರಿಸುತ್ತಿದ್ದೆ...

ವಾರಕ್ಕೆರಡು ದಿನವಾದರೂ ಉಸ್ತಾದರ ಅಂಗಡಿಯಲ್ಲಿ ಸಂಜೆಯ ಚಹಾ ನನ್ನ ರೂಢಿಯಾಯಿತು. ಅಂಥದೇ ಒಂದು ಬುಧವಾರ, ಐವತ್ತರ ಆಸುಪಾಸಿನ ರೈತನೊಬ್ಬ ಗೋಣಿಚೀಲದಲ್ಲಿ ಸುತ್ತಿದ ಬಂದೂಕು ತಂದು ಕಟ್ಟೆಯ ಮೇಲಿಟ್ಟ. ಬಂದೂಕಿನ ಕುದುರೆ ಎಳೆದರೆ ಗುಂಡು ಹಾರುವುದಿಲ್ಲ, ಒಳಗಿನ ಸ್ಪ್ರಿಂಗು ಸೋತಿದೆ. ಹಂದಿಯ ಕಾಟ ವಿಪರೀತ, ಬೇಗ ಮಾಡಿಕೊಡಿ ಎಂದ. ಲೈಸೆನ್ಸ್ ಪುಸ್ತಕ ಸರಿಯಾಗಿತ್ತು. ಉಸ್ತಾದರು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತ ಊರು ಯಾವುದೆಂದರು. ಅವನು ಹೇಳಿದ್ದು ಅದೇ ಹಳ್ಳಿ. ನಾನು ಕಪ್ಪನ್ನು ಕೆಳಗಿಟ್ಟೆ.

"ಹೊಲದಾಗ ಏನು ಹಾಕೀರಿ?" ಎಂದು ಉಸ್ತಾದರು ಕೇಳಿದರು.

"ಮೆಣಸಿನಕಾಯಿ."

"ಎಲ್ಲಾ ಹೊಲ?"

"ಹ್ಞೂಂ, ಪೂರಾ."

ಉಸ್ತಾದರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಹಂದಿ ಮೆಣಸಿನಕಾಯಿ ತಿನ್ನೋದು ಯಾವಾಗ ಕಲತದಪಾ?"

ಅವನ ದವಡೆ ಬಿಗಿಯಿತು. "ರಿಪೇರಿ ಆಗತದೋ ಇಲ್ಲೋ, ಅದನ್ನ ಹೇಳ್ರಿ."

"ಯಾಕ ಆಗಂಗಿಲ್ಲ? ಖರೇ ಈ ಸ್ಪ್ರಿಂಗ್ ಇಲ್ಲಿ ಸಿಗಂಗಿಲ್ಲ. ಹೈದರಾಬಾದಿನಿಂದ ಬರಬೇಕು. ಮುಂದಿನ ಬುಧವಾರ ಬರ್ರಿ."

ಅವನು ಹೋದ. ಉಸ್ತಾದರು ಅರ ಹುಡುಕಲು ಡ್ರಾ ಎಳೆದರು. ಡ್ರಾದ ತುಂಬ ಸ್ಪ್ರಿಂಗುಗಳು, ಸಣ್ಣವು ದೊಡ್ಡವು, ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಟ್ಟವು! ನಾನು ಅವರ ಮುಖ ನೋಡಿದೆ. ಅವರು ಡ್ರಾ ಮುಚ್ಚಿದರು.

ಅಂದು ಅವರು ಹೇಳಿದ ಸಂಗತಿಯನ್ನು ಮತ್ತೆಂದೂ ಅವರ ಬಾಯಲ್ಲಿ ಕೇಳಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಹೀಗೇ ಒಬ್ಬ ಅವಸರದ ಗಿರಾಕಿ ಬಂದಿದ್ದನಂತೆ. ಒಂದೇ ತಾಸಿನಲ್ಲಿ ರಿಪೇರಿ ಮಾಡಿಕೊಟ್ಟರಂತೆ. ಮುಂದಿನ ವಾರ ಅದೇ ಬಂದೂಕು ಪೊಲೀಸರ ಕೈಯಲ್ಲಿ, ಬಟ್ಟೆಯಲ್ಲಿ ಸುತ್ತಿ, ಚೀಟಿ ಕಟ್ಟಿಸಿಕೊಂಡು ಅವರ ಅಂಗಡಿಗೆ ಬಂತು. ಸಾಕ್ಷಿ ಹೇಳಲು ಕೋರ್ಟಿಗೆ ಕರೆದರು. ಇದು ನಿಮ್ಮ ಕೆಲಸವೇ ಎಂದು ವಕೀಲರು ಕೇಳಿದರು. ಹೌದು, ನನ್ನದೇ ಎಂದರು ಉಸ್ತಾದರು. "ಸತ್ತಾಂವನ ಹೆಂಡತಿ ಎದುರಿಗೇ ಕುಂತಿದ್ದಳು ಬೇಟಾ. ಕೆಲಸ ಚೊಲೋ ಆಗಿತ್ತು... ಒಂದೇ ಸಲಕ್ಕ ಹಾರಿತ್ತು..." ಎಂದವರು ಮತ್ತೆ ಅರ ಕೈಗೆತ್ತಿಕೊಂಡರು.

ಪೊಲೀಸರಿಗೆ ಒಂದು ಮಾತು ಹೇಳಬಾರದೇ ಎಂದು ನಾನು ಕೇಳಿದೆ. ಏನೆಂದು ಹೇಳಲಿ, ಆ ರೈತ ಯಾರಿಗೆ ಏನು ಮಾಡುತ್ತೇನೆಂದು ಬಾಯಿ ಬಿಟ್ಟಿಲ್ಲವಲ್ಲ ಎಂದರು ಉಸ್ತಾದರು. "ಬಂದೂಕ ಕಸಗೊಂಡರ ಕುಡಗೋಲ ಹಿಡೀತಾನ. ಕುಡಗೋಲಿಗೆ ಲೈಸೆನ್ಸ್ ಬೇಕೇನು? ಅವನ ಹೊಲದಾಗ ಏನು ಬೇನಿ ಅದ ನೋಡ್ರಿ. ಅದು ನಿಮ್ಮ ಆಫೀಸಿನಾಗ ಸಿಗಬಹುದು" ಎಂದರು.

ಸಿಕ್ಕಿತು. ಮರುದಿನ ಬೆಳಗ್ಗೆ ಬೇರೆಲ್ಲೂ ಹುಡುಕಬೇಕಾಗಲಿಲ್ಲ, ನನ್ನದೇ ಮೇಜಿನ ಮೇಲೆ, ನಾನೇ ಅಡಿಗೆ ಸರಿಸಿದ ಕಟ್ಟಿನಲ್ಲಿ! ಆ ರೈತನ ತಮ್ಮ ಮೂರು ತಿಂಗಳ ಹಿಂದೆ ಕೊಟ್ಟ ಅರ್ಜಿ. ತನ್ನ ಹೊಲಕ್ಕೂ ಅಣ್ಣನ ಹೊಲಕ್ಕೂ ನಡುವಿನ ಗಡಿ ತೋರಿಸಿಕೊಡಬೇಕು, ಮನಸ್ತಾಪ ದಿನದಿನಕ್ಕೆ ಬೆಳೆಯುತ್ತಿದೆ, ದಯವಿಟ್ಟು ಬೇಗ... ಎಂದು ಬರೆದಿದ್ದ. ನಾನು ಹೆದರಿ ಮುಚ್ಚಿಟ್ಟ ಕಾಗದ, ಅಲ್ಲಿ ಒಬ್ಬನಿಂದ ಬಂದೂಕು ಹೊರಗೆ ತೆಗೆಸಿತ್ತು.

ಸಂಜೆ ಹೋಗಿ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ. ಉಸ್ತಾದರು ಸುಮ್ಮನೆ ಕೇಳಿಸಿಕೊಂಡು, ಗೋಡೆಯ ಕ್ಯಾಲೆಂಡರಿನ ಮುಂದೆ ನನ್ನನ್ನು ನಿಲ್ಲಿಸಿದರು. "ಒಂದು ಬುಧವಾರ ನಾ ಸುಳ್ಳು ಹೇಳತೀನಿ. ಎರಡನೇದಕ್ಕೂ ಹೇಳತೀನಿ. ಮೂರನೇದಕ್ಕ ಅವಾ ಕೇಳಂಗಿಲ್ಲ. ಅದರೊಳಗ ಅಳೀರಿ."

ಹತ್ತೊಂಬತ್ತು ದಿನ! ಅಕ್ಕಪಕ್ಕದ ಹೊಲದವರಿಗೆಲ್ಲ ನೋಟಿಸು ಮುಟ್ಟಬೇಕು, ಹಳೆಯ ಅಳತೆಯ ನಕಲು ಯಾದಗಿರಿಯಿಂದ ಬರಬೇಕು. ನಾನೇ ಯಾದಗಿರಿಗೆ ಹೋಗಿ, ದಾಖಲೆ ಕೋಣೆಯ ಧೂಳಿನಲ್ಲಿ ಅರ್ಧ ದಿನ ಕೂತು, ಇನ್ನೇನು ಹರಿಯುವಂತಿದ್ದ ಹಾಳೆಯ ನಕಲು ಮಾಡಿಸಿಕೊಂಡು ಬಂದೆ. ಮೊದಲ ಬುಧವಾರ ಆ ಅಣ್ಣ ಬಂದು ಸುಮ್ಮನೆ ಹೋದ. ಎರಡನೇ ಬುಧವಾರ ಕಟ್ಟೆಯನ್ನು ಗುದ್ದಿ, ಇದ್ದ ಹಾಗೇ ಬಂದೂಕು ಕೊಡಿ ಎಂದ. ಉಸ್ತಾದರು ಬಿಚ್ಚಿ ಹರವಿದ ಭಾಗಗಳನ್ನು ತೋರಿಸಿ, "ಇದನ್ನೆಲ್ಲ ಉಡಿಯಾಗ ಹಾಕ್ಕೊಂಡು ಹೋಗ್ತೀರೇನು?" ಎಂದರು. ಬರುವ ಬುಧವಾರ ಆಗದಿದ್ದರೆ ಅಂಗಡಿಯನ್ನೇ ಬೀದಿಗೆ ಎಳೆಯುತ್ತೇನೆ ಎಂದು ಬೈದು ಹೋದ.

ಮಂಗಳವಾರ ಬೆಳಗ್ಗೆ ಎಂಟಕ್ಕೆ ಬಸ್ಸಿಳಿದರೆ ನನಗಿಂತ ಮೊದಲೇ ಉಸ್ತಾದರು ಕಾಲುವೆಯ ಕಟ್ಟೆಯ ಮೇಲೆ ಕೂತಿದ್ದಾರೆ! ಕಂಕುಳಲ್ಲಿ ಛತ್ರಿ. "ನನ್ನ ಗಿರಾಕಿ ಮೆಣಸಿನಕಾಯಿ ನೋಡಾಕ ಬಂದೀನಿ" ಎಂದರು.

ಅರ್ಧ ಊರು ನೆರೆದಿತ್ತು. ಅಣ್ಣ ಈ ಕಡೆ, ತಮ್ಮ ಆ ಕಡೆ. ಮೂರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಗುಂಪಿನ ಹಿಂದೆ, ಅಂದು ನನ್ನ ಮೇಲೆ ಕೊಡಲಿ ಎತ್ತಿದವನೂ ಕೈಕಟ್ಟಿ ನಿಂತಿದ್ದ. ನೆಲದ ಮೇಲೆ ನಕ್ಷೆ ಹಾಸಿದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟೆ. ಸರಪಳಿಯ ಒಂದು ತುದಿ ಅಣ್ಣನಿಗೆ ಕೊಟ್ಟೆ, ಇನ್ನೊಂದು ತಮ್ಮನಿಗೆ.

ಇಬ್ಬರ ನಡುವೆ ಅದು ಹಾವಿನಂತೆ ಡೊಂಕಾಗಿ ಬಿದ್ದಿತ್ತು. ಬಿಗಿಯಾಗಿ ಎಳೆಯದೆ ಅಳತೆ ಹಿಡಿಯುವುದು ಹೇಗೆ? ನಾನು ಕಾದೆ. ಎಲ್ಲರೂ ಕಾದರು. ಕೊನೆಗೆ ಅಣ್ಣನೇ ತಡೆಯಲಾರದೆ ಚೀರಿದ, "ಎಳಿಯೋ!"

"ಎಳದೀನಿ! ನೀ ಹಿಡಿ ಮೊದಲ!"

ಜನ ಗೊಳ್ಳೆಂದು ನಕ್ಕರು. ಇಬ್ಬರ ಮುಖವೂ ಕೆಂಪಾಯಿತು. ಮೂರು ವರ್ಷಗಳಲ್ಲಿ ಅದೇ ಅವರ ಮೊದಲ ಮಾತು. ಆಮೇಲೆ ಎಳಿ, ಬಿಡು, ಆ ಕಡಿ ಸರಿ, ಎಂದು ಮಧ್ಯಾಹ್ನದವರೆಗೂ ನಡೆಯಿತು.

ಹಳೆಯ ದಾಖಲೆಯಂತೆ ಇಬ್ಬರ ಗಡಿಯಲ್ಲಿ ಒಂದು ಬಾಂದುಕಲ್ಲು ಇರಬೇಕಿತ್ತು. ಹಿಂದೆಂದೋ ನೀರಿನ ಕಾಲುವೆ ತೋಡಿದಾಗ ಅದು ಕಾಣೆಯಾಗಿ, ಇಬ್ಬರೂ ಕಾಲುವೆಯವರೆಗೆ ಉಳುತ್ತ, ತಂತಮ್ಮ ನೆಲವನ್ನು ಇನ್ನೊಬ್ಬ ನುಂಗಿದ್ದಾನೆಂದು ಬಗೆದಿದ್ದರು. ಆದರೆ ಕಾಲುವೆ ಹೋದದ್ದು ಓರೆಯಾಗಿ. ನನ್ನ ಲೆಕ್ಕದ ಪ್ರಕಾರ ಕಲ್ಲಿನ ಜಾಗ ಕಾಲುವೆಯ ಬದುವಿನ ಅಡಿಯಲ್ಲೇ ಬರುತ್ತಿತ್ತು. ಗೂಟ ಹೊಡೆದು, ಇಲ್ಲಿ ಅಗೆಯಿರಿ ಎಂದೆ.

ಯಾರೂ ಮುಂದೆ ಬರಲಿಲ್ಲ. ಉಸ್ತಾದರು ಒಂದು ಹಾರೆ ಎತ್ತಿಕೊಂಡು ನೇರವಾಗಿ ಕೊಡಲಿಯವನ ಬಳಿಗೇ ಹೋದರು. "ನೀ ಗಟ್ಟಿ ಆಳ ಅದೀ. ಅಗಿ" ಎಂದರು. ಅವನು ನನ್ನನ್ನೊಮ್ಮೆ ನೋಡಿದ, ನೆಲ ನೋಡಿದ, ಹಾರೆ ತೆಗೆದುಕೊಂಡ.

ಮೊಣಕಾಲಷ್ಟು ಅಗೆದರೂ ಬರೀ ಎರೆಮಣ್ಣು. "ಸರ್ವೇದವರ ಕತೀನೇ ಇಷ್ಟು" ಎಂದು ಯಾರೋ ಗೊಣಗಿದರು. ಅಣ್ಣ ಟವೆಲ್ಲನ್ನು ಹೆಗಲಿನಿಂದ ಎಳೆದು ಕೈಗೆ ಸುತ್ತತೊಡಗಿದ. ಇನ್ನೊಂದು ಗೇಣು ಅಗೆಯಿರಿ ಎಂದೆ. ಮತ್ತೆ ಅಗೆದ. ಮಣ್ಣು ಹೊರಗೆ ಹಾಕಿದ. ಮತ್ತೆ ಹಾರೆ ಎತ್ತಿ ಹಾಕಿದ...

ಠಣ್!

ಆ ಸದ್ದು ಈಗಲೂ ನನ್ನ ಮೈಯಲ್ಲಿದೆ. ಜನ ಒಬ್ಬರ ಮೇಲೊಬ್ಬರು ಬಿದ್ದು ಬಗ್ಗಿದರು. ಕೈಯಿಂದ ಮಣ್ಣು ಸರಿಸಿದ ಹಾಗೆ ಕಲ್ಲಿನ ತಲೆ ಕಂಡಿತು, ಅದರ ಮೇಲೆ ಉಳಿಯಿಂದ ಕೊರೆದ ಅಡ್ಡ-ಉದ್ದದ ಗೀಟು. ನನ್ನ ನಕ್ಷೆಯ ಮೇಲಿದ್ದ ಅದೇ ಗುರುತು! ನಾನು ಸರ್ಕಾರಿ ನೌಕರಳೆಂಬುದನ್ನು ಮರೆತು ಚಪ್ಪಾಳೆ ತಟ್ಟಿಬಿಟ್ಟೆ. ಅಂದು ಕೊಡಲಿ ಎತ್ತಿದ್ದವನು ಗುಂಡಿಯೊಳಗಿಂದ ತಲೆ ಎತ್ತಿ, "ಅದಾ ರೀ ಮೇಡಂ! ಇಲ್ಲೇ ಅದಾ!" ಎಂದು ಹಲ್ಲು ಬಿಟ್ಟು ಕೂಗಿದ.

ಅಲ್ಲಿಂದ ಗೆರೆ ಎಳೆದಾಗ ತಿಳಿದದ್ದು ಇಷ್ಟು. ಮೇಲಿನ ಕೊನೆಯಲ್ಲಿ ಅಣ್ಣನು ತಮ್ಮನ ನೆಲ ಉಳುತ್ತಿದ್ದ. ಕೆಳಗಿನ ಕೊನೆಯಲ್ಲಿ ತಮ್ಮನು ಅಣ್ಣನದು ಉಳುತ್ತಿದ್ದ. ಎರಡೂ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ. ಜನ ನಗಬೇಕೋ ಬಿಡಬೇಕೋ ತಿಳಿಯದೆ ನಿಂತರು.

ಅಣ್ಣ ಮಾತ್ರ ಗುಂಡಿಯ ಪಕ್ಕ ಕುಸಿದು ಕೂತ. "ನೆಲದ ಮಾತಲ್ಲರಿ ಇದು" ಎಂದ, ಯಾರಿಗೂ ಅಲ್ಲ, ಮಣ್ಣಿಗೆ. ತಮ್ಮ ಕೊಟ್ಟ ದೂರಿನಿಂದ ಅವನು ಒಂದು ಇಡೀ ದಿನ ಠಾಣೆಯ ಕಟ್ಟೆಯ ಮೇಲೆ ಕೂಡಬೇಕಾಗಿತ್ತಂತೆ. ಅಂದು ಸಂತೆ. ಮಗಳ ಬೀಗರು ಅದೇ ದಾರಿಯಲ್ಲಿ ಹಾದು ಹೋಗಿದ್ದರು. ನೋಡಿಯೂ ನೋಡದಂತೆ ಹೋಗಿದ್ದರು. "ಅವತ್ತಿನಿಂದ ನಾ ಮನಿಯಾಗ ತಲಿ ಎತ್ತಿ ಉಂಡಿಲ್ಲ."

ತಮ್ಮ ಕೈಯಲ್ಲಿದ್ದ ಸರಪಳಿಯ ತುದಿಯನ್ನು ನೆಲಕ್ಕಿಟ್ಟ. ಆಮೇಲೆ, "ನಾ ದೂರು ಕೊಟ್ಟಿದ್ದು ತಪ್ಪಾತು. ಸಂತಿ ದಿನ ಕರಸ್ತಾರಂತ ನನಗ ಗೊತ್ತಿರಲಿಲ್ಲಣ್ಣಾ" ಎಂದ. ಅಣ್ಣ ಟವೆಲ್ಲು ಕೊಡವಿ ಎದ್ದು ಮನೆಯ ಕಡೆ ನಡೆದ.

ಮರುದಿನ ಬುಧವಾರ. ನಾನು ಅರ್ಧ ದಿನ ರಜೆ ಹಾಕಿ ಉಸ್ತಾದರ ಅಂಗಡಿಯಲ್ಲಿ ಕೂತೆ. ಹನ್ನೊಂದಕ್ಕೆ ಅಣ್ಣ ಬಂದ. ಸ್ಪ್ರಿಂಗ್ ಬಂತೇ ಎಂದು ಕೇಳಿದ. ಬಂತು ಎಂದರು ಉಸ್ತಾದರು! ಬಂದೂಕು ಜೋಡಿಸಿ, ಒರೆಸಿ, ಹೊಳೆಯುವಂತೆ ಮಾಡಿಟ್ಟಿದ್ದರು. ಅವರು ಕಟ್ಟೆಯ ಮೇಲಿಟ್ಟು, ಕೈ ತೆಗೆಯದೆ ಕೇಳಿದರು. "ಈ ಸಲ ಹೊಲದಾಗ ಏನು?"

ಅಣ್ಣ ರಿಪೇರಿಯ ಹಣ ಎಣಿಸಿ ಕಟ್ಟೆಯ ಮೇಲಿಟ್ಟ. "ಮೆಣಸಿನಕಾಯಿ ಮುಗೀತರಿ. ಮುಂದ ಶೇಂಗಾ ಹಾಕಬೇಕಂತ ಮಾಡೀನಿ."

"ಹಂಗಾರ ಹಂದಿ ಬರತಾವ" ಎಂದು ಉಸ್ತಾದರು ಕೈ ತೆಗೆದರು.

ಅವನು ಹೋದ ಮೇಲೆ ನಾನು ಅವರ ಮೇಲೆ ಸಿಟ್ಟಿನಿಂದ ಹಾರಾಡಿದೆ. ಅವನ ವಸ್ತು, ಅವನ ಲೈಸೆನ್ಸು, ಎಷ್ಟು ದಿನ ಬಿಚ್ಚಿಟ್ಟುಕೊಂಡು ಕೂಡಲಿ ಎಂದರು. ಆದರೆ ಅಂದು ಅವರ ಚಹಾ ಆರಿ ಹೋಯಿತು, ಕುಡಿಯಲಿಲ್ಲ. ಅನಂತರದ ದಿನಗಳಲ್ಲಿ ಆ ಹಳ್ಳಿಯ ಬಸ್ಸು ಬಂದಾಗಲೆಲ್ಲ ಅಂಗಡಿಯ ಬಾಗಿಲಿಗೆ ಬಂದು ನಿಂತು, ಇಳಿಯುವವರ ಮುಖ ನೋಡುತ್ತಿದ್ದರು...

ಏನೂ ಆಗಲಿಲ್ಲ. ಏನೂ ಆಗದಿರುವುದು ಎಷ್ಟು ದೊಡ್ಡ ಸುದ್ದಿಯೆಂದು ನನಗೆ ಆಗ ಗೊತ್ತಾಯಿತು. ಎರಡು ತಿಂಗಳಿಗೆ ಅಣ್ಣತಮ್ಮ ಇಬ್ಬರೂ ನಮ್ಮ ಕಚೇರಿಗೆ ಬಂದು, ಒಂದೇ ಕಾಗದದ ಮೇಲೆ ಸಹಿ ಮಾಡಿ ಹೊಸ ನಕ್ಷೆ ಪಡೆದರು. ಆಮೇಲೆ ಚುನಾವಣೆ ಬಂತು. ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಆದೇಶವಾಯಿತು. ಅಣ್ಣನೂ ಒಪ್ಪಿಸಿದ. ಚುನಾವಣೆ ಮುಗಿದು ಎಲ್ಲರೂ ಒಯ್ದರು, ಅವನೊಬ್ಬ ಒಯ್ಯಲಿಲ್ಲ. ಠಾಣೆಯವರು ಮತ್ತೆ ಮತ್ತೆ ಹೇಳಿ ಕಳಿಸಿದರೆ, "ಅಲ್ಲೇ ಇರಲಿ ಬಿಡ್ರಿ, ಮನಿಯಾಗ ಜಾಗ ಇಲ್ಲ" ಎಂದನಂತೆ. ಇದನ್ನು ಕೇಳಿ ಉಸ್ತಾದರು ನಕ್ಕ ನಗು! ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಿನಿಂದಲೇ ಇರಬೇಕು.

ಮುಂದೆ ನನಗೆ ಶಹಾಪುರಕ್ಕೆ ವರ್ಗವಾಯಿತು. ಭೀಮರಾಯನಗುಡಿಯ ಕಾಲುವೆ ಕಚೇರಿಗಳಿಗೆ ಓಡಾಡುತ್ತ, ಆಮೇಲೆ ಮದುವೆ, ಮಗು, ಯಾದಗಿರಿ. ಸುರಪುರಕ್ಕೆ ಹೋಗುವುದು ವರ್ಷಕ್ಕೊಮ್ಮೆಯಾಯಿತು, ಆಮೇಲೆ ಅದೂ ಇಲ್ಲ. ಬಂದೂಕಿನ ಕೆಲಸ ಕಡಿಮೆಯಾಗಿ ಅವರು ಹೊಲಿಗೆ ಮಿಷಿನ್ ರಿಪೇರಿ ಮಾಡುತ್ತಿದ್ದಾರೆಂದು ಯಾರೋ ಹೇಳಿದ್ದರು. ಒಮ್ಮೆ ಹೋಗಿ ಬರಬೇಕು, ಮುಂದಿನ ವಾರ, ಅದರ ಮುಂದಿನ ವಾರ... ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಮಾಡಿ ನಾಲ್ಕು ದಿನಗಳಾದ ಮೇಲೆ.

ಮೊನ್ನೆ ಮಂಗಳವಾರ ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿ ನನ್ನ ಮುಂದೆ ಬಂದು ಕೂತಳು. ಮುಖ ಬಿಳಿಚಿಕೊಂಡಿತ್ತು. ಹಿಂದಿನ ದಿನ ಅಳತೆಗೆ ಹೋದಲ್ಲಿ ಒಬ್ಬ ಅವಳ ಬೈಕಿಗೆ ಅಡ್ಡ ನಿಂತು ಹೆದರಿಸಿದ್ದನಂತೆ. "ಮೇಡಂ, ಪಿಸ್ತೂಲಿಗೆ ಅರ್ಜಿ ಹಾಕಬೇಕಂತ ಮಾಡೀನಿ. ನಿಮಗ ಗೊತ್ತಿದ್ದವರು ಯಾರಾದ್ರೂ ಅದಾರೇನ್ರಿ?"

"ಅದಾರ! ಸುರಪುರಕ್ಕ ಹೋಗು. ಗುಡ್ಡದ ಬುಡಕ್ಕ..." ಎಂದು ಉತ್ಸಾಹದಿಂದ ಶುರು ಮಾಡಿದವಳು ಅಲ್ಲೇ ನಿಂತೆ. ಅವಳು ಪೆನ್ನು ಹಿಡಿದು, ವಿಳಾಸ ಬರೆದುಕೊಳ್ಳಲು ಕಾಯುತ್ತಿದ್ದಳು. ಅವರು ಹೋಗಿ ನಾಲ್ಕು ವರ್ಷವಾಗಿದ್ದರೂ, ಅವರು ಇಲ್ಲವೆಂಬುದು ನನಗೆ ನಿಜವಾಗಿ ತಿಳಿದದ್ದು ಆ ಹೊತ್ತಿನಲ್ಲೇ.

ನಾಳೆ ಬೆಳಗ್ಗೆ ಎಂಟಕ್ಕೆ ಅವಳ ಜೊತೆ ಆ ಹೊಲಕ್ಕೆ ನಾನೂ ಹೋಗುತ್ತಿದ್ದೇನೆ.